ಸಂಜೆ ನಾಲ್ಕರ ಬುಡಕಟ್ಟು

ಆ ಕಡೆ ಬೇಡ ಅವ್ವ, ಅಲ್ಲಿ ಅತಿಥಿಗಳಿದ್ದಾರೆ. ಅಡುಗೆಮನೆಯಲ್ಲೇ ಕೂತಿರು, ಗಾಳಿ ಚೆನ್ನಾಗಿ ಬರುತ್ತೆ. ಬುಟ್ಟಿ ಇಳಿಸು. ರಿಯೊ ನೆಗ್ರೊ ನದಿಯಲ್ಲಿ ಮೂರು ದಿನ ದೋಣಿಯಲ್ಲಿ ಬಂದಿದ್ದೀಯ... ಒಂದು ಮಾತು ಹೇಳಿ ಕಳಿಸಬಾರದಿತ್ತಾ?

ಏನು ನೋಡ್ತೀಯ? ಈ ಗರಿಗಳಾ? ಇದು ನನ್ನ ಕೆಲಸದ ಬಟ್ಟೆ, ಪೊಲೀಸರಿಗೆ ಟೋಪಿ ಇದ್ದ ಹಾಗೆ. ನಾಲ್ಕಕ್ಕೆ ಹಾಕ್ಕೊಂಡು ಐದಕ್ಕೆ ಬಿಚ್ಚಿಡ್ತೀನಿ. ಈ ಹೋಟೆಲಿನಲ್ಲಿ ನಾನು ಬುಡಕಟ್ಟಿನ ಮುಖಂಡ. ಯಾಕೆ ನಗ್ತೀಯ? ಮುಖಂಡನಿಗೆ ಎರಡು ಹೊತ್ತು ಊಟ ಪುಕ್ಕಟೆ.

ಈಟಿ ಹಿಡಿದು ನಿಂತಿದ್ದಾನಲ್ಲ, ಅವನು ತ್ಸುತೊಮು. ಅವನಜ್ಜ ಜಪಾನಿನಿಂದ ಕಾಳುಮೆಣಸು ಬೆಳೆಯೋಕೆ ಬಂದವರು. ಪ್ರವಾಸಿಗಳ ಕಣ್ಣಿಗೆ ನಮ್ಮೆಲ್ಲರಿಗಿಂತ ಅವನೇ ಅಪ್ಪಟ ಕಾಡಿನವನು. ಡೋಲು ಬಾರಿಸೋ ಜಮೀಲನ ಅಜ್ಜ ಲೆಬನಾನಿನವರು, ದೋಣಿಯಲ್ಲಿ ಬಟ್ಟೆ ಮಾರ್ತಿದ್ದರು. ಕುಣಿಯೋಳು ವಾಂಡೆರ್ಲೇಯಾ, ಸಿಯಾರಾದ ಬರಗಾಲಕ್ಕೆ ಹೆದರಿ ರಬ್ಬರ್ ಕಾಡಿಗೆ ಬಂದವರ ಮೊಮ್ಮಗಳು. ಎಲ್ಲರಿಗೂ ಕೆಂಪು ಬಳಿದು ಒಂದೇ ಬುಡಕಟ್ಟು ಮಾಡಿದ್ದೀವಿ.

ಮೊದಮೊದಲು ಪ್ರವಾಸಿಗಳಿಗೆ ನಿಜ ಹೇಳಿ ನೋಡಿದೆ. ಅಪ್ಪ ದೆಸಾನಾ, ಅವ್ವ ತುಯೂಕಾ, ಅತ್ತಿಗೆ ತಾರಿಯಾನಾ, ಒಂದೇ ಭಾಷೆಯವರನ್ನ ನಾವು ಮದುವೆ ಆಗಲ್ಲ, ಒಂದೇ ಒಲೆ ಸುತ್ತ ಮೂರು ಭಾಷೆಯಲ್ಲಿ ಜಗಳ ಆಡ್ತೀವಿ ಅಂತ. ಅವರು ಬರೆದುಕೊಳ್ಳೋದನ್ನೇ ನಿಲ್ಲಿಸಿಬಿಟ್ಟರು. ನಮ್ಮ ಧಣಿ ಅಮಾನ್ಸಿಯೊ ಪಕ್ಕಕ್ಕೆ ಕರೆದು, ವೈವಿಧ್ಯ ಬೇಕಪ್ಪ, ಆದರೆ ಅರ್ಧ ಗಂಟೆಯಲ್ಲಿ ಮುಗಿಯೋ ಅಷ್ಟಿದ್ದರೆ ಸಾಕು, ಅಂದರು.

ಹಾಡು ಕೇಳಿಸ್ತಿದೆಯಾ? ಅದು ಜಮೀಲ್ ಕಟ್ಟಿದ್ದು. ಮೀನಿನ ಹೆಸರುಗಳನ್ನ ನಿಧಾನಕ್ಕೆ ಎಳೆದು ಹೇಳ್ತೀವಿ. ತಂಬಾಕೀ... ಸುರುಬೀ... ಅವರು ಕಣ್ಣು ಮುಚ್ಚಿ ತಲೆದೂಗ್ತಾರೆ.

ಹೋದ ಮಳೆಗಾಲದಲ್ಲಿ ಒಬ್ಬಳು ಪ್ರೊಫೆಸರಮ್ಮ ಬಂದಳು. ಈ ಹಾಡು ಯಾರು ಕಲಿಸಿದ್ದು ಅಂತ ಕೇಳಿದಳು. ನಮ್ಮವ್ವ ಅಂದೆ. ಮತ್ತೇನು ಅನ್ನಲಿ? ಹಾಗಾದರೆ ಕರೆಸು, ತಾಯಿ ಮಗ ಎದುರುಬದುರು ಕೂತು ನಿಮ್ಮ ಭಾಷೆಯಲ್ಲಿ ಮಾತಾಡಿ, ನಾನು ರೆಕಾರ್ಡ್ ಮಾಡ್ಕೋತೀನಿ ಅಂದಳು. ಆಗಲ್ಲ ಅಂದೆ. ಊರು ದೂರ ಅಂದೆ.

ಅಷ್ಟೇ. ಇನ್ನೇನೂ ಇಲ್ಲ.

ಹಾಗೆ ನೋಡಬೇಡ ಅವ್ವ... ಸರಿ. ನೀನು ತೀರಿಕೊಂಡೆ ಅಂದೆ. ನಿನ್ನ ಭಾಷೆ ಆಡೋರಲ್ಲಿ ನೀನೇ ಕೊನೆಯವಳು ಅಂದೆ. ಊರು ತುಂಬ ಜನ ಅದರಲ್ಲೇ ಕಿರುಚಾಡ್ತಾರೆ, ನನಗೆ ಗೊತ್ತಿಲ್ವಾ? ಅವಳು ಅತ್ತುಬಿಟ್ಟಳು. ಧಣಿಗೆ ಅದು ಹಿಡಿಸಿಹೋಯಿತು. ಆಗಿನಿಂದ ಪ್ರತಿ ಶನಿವಾರ ಕಾರ್ಯಕ್ರಮದ ಕೊನೆಗೆ ನಿನ್ನ ಫೋಟೊ ಇಟ್ಟು ಮೇಣದಬತ್ತಿ ಹಚ್ಚಿ ಒಂದು ನಿಮಿಷ ಮೌನ. ಫೋಟೊ ನಿನ್ನದಲ್ಲ, ತ್ಸುತೊಮುವಿನ ಅಜ್ಜಿಯದು. ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ.

ಹೌದು, ಇವತ್ತೂ ಶನಿವಾರ.

ಬೈಯಿ ಅವ್ವ. ಏನಾದರೂ ಹೇಳು. ಕೆಲಸಕ್ಕೋಸ್ಕರ ಮಾಡಿದೆ ಅಂದುಕೋ... ಅಲ್ಲ, ಕೆಲಸಕ್ಕಲ್ಲ. ನಿನಗೆ ಗೊತ್ತಾಗಿದೆ. ದೋಣಿಯಿಂದ ಇಳಿದವಳೇ ನನ್ನ ಕೆನ್ನೆ ಹಿಡಿದು ಏನೋ ಕೇಳಿದೆ. ನಾನು ಹೂಂ ಅಂದೆ. ಅದಕ್ಕೆ ಹೂಂ ಅನ್ನಬಾರದಿತ್ತು, ಅಲ್ವಾ? ಆಗಿನಿಂದ ನೀನು ಬಾಯಿ ಬಿಟ್ಟಿಲ್ಲ. ಹನ್ನೊಂದು ವರ್ಷ ಆಯ್ತವ್ವ, ಇಲ್ಲಿ ಬರೀ ಪೋರ್ಚುಗೀಸು, ನಿನಗೆ ಕೇಳಿದರೆ ತಿಳಿಯೋ, ಆಡೋಕೆ ಬರದ ಪೋರ್ಚುಗೀಸು. ಅಪ್ಪನ ಭಾಷೆಯೂ ಹೋಯಿತು, ನಿನ್ನದೂ ಹೋಯಿತು. ಆ ಪ್ರೊಫೆಸರಮ್ಮನ ಎದುರು ಕೂತು ನಿನ್ನ ಹತ್ತಿರ ನಾನು ಏನು ಮಾತಾಡಲಿ? ಸತ್ತವರ ಜೊತೆ ಮಾತಾಡು ಅಂತ ಯಾರೂ ಕೇಳಲ್ಲ.

ಎಲ್ಲಿಗೆ ಎದ್ದೆ? ಡೋಲು ನಿಂತಿದೆ, ಈಗ ಹೋಗಬೇಡ. ಅವರೆಲ್ಲ ನಿನಗೋಸ್ಕರ ಎದ್ದು ನಿಂತಿರ್ತಾರೆ.

ಅವ್ವ, ನಿಲ್ಲು. ಅಲ್ಲಿ ಹೋಗಿ ನೀನು ಏನು ಬೇಕಾದರೂ ಹೇಳು... ಹೇಳಿದ್ದು ಏನಂತ ಅವರು ಕೇಳೋದು ನನ್ನನ್ನ.