ಯಾವ ದೇಶದ್ದೂ ಅಲ್ಲದ ಗೆರೆ

ಇದನ್ನು ನನಗೆ ಮೊದಲು ಹೇಳಿದವಳು ನನ್ನ ಚಿಕ್ಕಮ್ಮನ ಮಗಳು ಸಮನ್ವಿತಾ. ಸ್ಟಾಟಿಸ್ಟಿಕ್ಸ್‌ನಲ್ಲಿ ಎಂ.ಎಸ್ಸಿ. ಮಾಡಿದವಳು, ಕತೆ ಕಟ್ಟುವ ಪೈಕಿ ಅಲ್ಲವೇ ಅಲ್ಲ. ಮದುವೆಮನೆ ಊಟ ಹೇಗಿತ್ತೇ ಅಂದರೆ ‘ಸರಾಸರಿ’ ಅನ್ನುವ ಹುಡುಗಿ. ಅದಕ್ಕೇ ನಂಬಿದೆ.

ಅವಳ ಕೆಲಸ ಜೆ.ಪಿ. ನಗರದ ಒಂದು ಆಫೀಸಿನಲ್ಲಿ. ಪ್ರಪಂಚದ ಯಾವ ಮೂಲೆಯ ಜನ ಯಾವ ಹೊತ್ತಿಗೆ ಯಾವ ಆ್ಯಪ್ ತೆರೆಯುತ್ತಾರೆ, ಎಷ್ಟು ಡೇಟಾ ಎಳೆಯುತ್ತಾರೆ ಅಂತ ನೋಡುತ್ತ ಕೂರುವುದು. ಹೆಸರು ಕಾಣಿಸುವುದಿಲ್ಲ, ಮಾತು ಕೇಳಿಸುವುದಿಲ್ಲ. ಬರೀ ಏರಿಳಿಯುವ ಗೆರೆ. ಆದರೆ ಗೆರೆ ನೋಡಿಯೇ ದೇಶ ಹೇಳುತ್ತಾಳೆ. ಬ್ರೆಜಿಲ್‌ನವರು ಟೈಪ್ ಮಾಡುವ ಬದಲು ಮಾತನ್ನೇ ರೆಕಾರ್ಡ್ ಮಾಡಿ ಕಳಿಸುತ್ತಾರಂತೆ. ಜಪಾನಿನವರು ರೈಲಿನಲ್ಲಿ ಸದ್ದಿಲ್ಲದೆ ಓದುತ್ತಾರಂತೆ. ನೈಜೀರಿಯಾದಲ್ಲಿ ರಾತ್ರಿ ಡೇಟಾ ಅಗ್ಗ, ಗೆರೆ ನಡುರಾತ್ರಿಗೆ ಎದ್ದು ಕೂರುತ್ತದೆ. ನಾವೋ, ಕಣ್ಣು ಬಿಡುತ್ತಲೇ ಗುಲಾಬಿ ಹೂವಿನ ಮೇಲೆ ‘ಶುಭೋದಯ’ ಬರೆದು ಊರಿಗೆಲ್ಲ ಹಂಚುತ್ತೇವೆ.

“ಎಷ್ಟೇ ಬೇರೆ ಇದ್ರೂ ಎಲ್ಲ ಕಡೆ ಒಂದು ಇದ್ದೇ ಇರತ್ತೆ ಅಕ್ಕ,” ಅಂದಳು. “ನಿದ್ದೆಯ ತಗ್ಗು. ಯಾವುದೋ ಒಂದು ಹೊತ್ತಿಗೆ ಗೆರೆ ಬೀಳಲೇಬೇಕು. ಮನುಷ್ಯರಲ್ವಾ...”

ಅವಳು ಬಾಡಿಗೆಗಿದ್ದದ್ದು ಸುಬ್ರಹ್ಮಣ್ಯಪುರದಲ್ಲಿ, ಕೆಂಪರಾಜು ಅನ್ನುವವರ ಮಹಡಿಯಲ್ಲಿ. ಹಳೇ ಊರಿನ ಮನೆತನ. ಹೊಲ ಸೈಟಾಗಿ, ಸೈಟು ಬಾಡಿಗೆಮನೆಯಾಗಿ, ಈಗ ಆರಾಮ. ಕೆಳಗೆ ಕೆಂಪರಾಜು, ಹೆಂಡತಿ ಶ್ವೇತ, ತಾಯಿ ಮರಿಯಮ್ಮ.

ಆ ರಾತ್ರಿ ಆಫೀಸ್ ಕ್ಯಾಬ್ ಅವಳನ್ನು ತಿರುವಿನಲ್ಲೇ ಇಳಿಸಿತು. ಒಳರಸ್ತೆ ಅಗೆದು ಹಾಕಿದ್ದರು. ಅದು ದೆವ್ವದ ಕೆಲಸವಲ್ಲ ಬಿಡಿ, ಅದಕ್ಕೆ ಬೇರೆ ಇಲಾಖೆ ಇದೆ. ನಡೆದು ಬಂದಳು. ಮನೆಯ ಪಕ್ಕದ ಓಣಿಯಲ್ಲಿ ನೆಲದಿಂದ ಮೊಣಕಾಲೆತ್ತರಕ್ಕೆ ಒಂದು ಪಿವಿಸಿ ಪೈಪ್ ನಿಂತಿದೆ. ದಿನಾ ನೋಡುವಂಥದ್ದೇ. ಆವತ್ತು ಅದರ ಹತ್ತಿರ ಸದ್ದು...

ಕಿರ್ರ್... ಕಿರ್ರ್... ಕಿರ್ರ್...

ಒಂದು ತಡೆ. ಆಮೇಲೆ, ಗುಳುಂ.

ಮೋಟಾರಿರಬೇಕು ಅಂದುಕೊಂಡಳು. ಮೆಟ್ಟಿಲ ಮೇಲೆ ಕೆಂಪರಾಜು ಕೂತಿದ್ದರು. ಲೈಟ್ ಹಾಕಿರಲಿಲ್ಲ.

“ಮೇಡಂ, ಒಂದ್ನಿಮಿಷ.” ಪಿಸುಮಾತು. ಫೋನ್ ಮುಂದೆ ಹಿಡಿದರು. “ಇದು ಯಾವ ದೇಶ ಹೇಳಿ.”

“ಏನು ಯಾವ ದೇಶ?”

ಮನೆಗೆ ಹೊಸದಾಗಿ ಫೈಬರ್ ಇಂಟರ್ನೆಟ್ ಹಾಕಿಸಿದ್ದರು. ಯಾವ ಹೊತ್ತಿಗೆ ಎಷ್ಟು ಬಳಕೆಯಾಯಿತು ಅಂತ ಗೆರೆ ಎಳೆದು ತೋರಿಸುವ ಆ್ಯಪ್ ಬೇರೆ ಅದರ ಜೊತೆ. ಹಾಕಿಸಿದ ರಾತ್ರಿಯಿಂದ ಯಾರೋ ಒಂದೇ ಸಮನೆ ಡೇಟಾ ಎಳೆಯುತ್ತಿದ್ದರು.

“ಇವ್ಳ ಜೊತೆ ರಾತ್ರಿಯೆಲ್ಲಾ ಮಾತಾಡೋನು ಯಾರೋ ಫಾರಿನ್ನವ್ನು. ನಮ್ಮವ್ರಾದ್ರೆ ಈ ಹೊತ್ತಲ್ಲಿ ಎದ್ದಿರ್ತಾರಾ? ಇವ್ಳ ಫೋನ್ ಕಿತ್ಕೊಂಡು ಆಫ್ ಮಾಡಿ ಬೀರೂಲಿ ಇಟ್ಟೆ. ಆದ್ರೂ ನಿಂತಿಲ್ಲ. ಅಂದ್ರೆ ಇನ್ನೊಂದು ಫೋನ್ ಐತೆ. ನೀವು ದೇಶ ಹೇಳಿ ಸಾಕು. ಬೆಳಿಗ್ಗೆ ಇವ್ರಪ್ಪನ್ನ ಕರೆಸ್ತೀನಿ, ಮಗಳನ್ನ ಕರ್ಕೊಂಡು ಹೋಗ್ಲಿ.”

ಹಿಂದೆ ಬಾಗಿಲ ಹೊಸ್ತಿಲಲ್ಲಿ ಶ್ವೇತ ಕೂತಿದ್ದು ಆಗ ಕಾಣಿಸಿತು. ಅತ್ತು ಮುಗಿದ ಮುಖ.

“ಅವನ ಹೆಸರೂ ಹೇಳ್ಬಿಡಿ ಅಕ್ಕ,” ಅಂದಳು. “ನಂಗೂ ಗೊತ್ತಾಗ್ಲಿ.”

ಗೊತ್ತಿಲ್ಲ ಅಂದರೆ ಹೆಂಗಸು ಹೆಂಗಸಿನ ಪರ ಅನ್ನುತ್ತಾರೆ. ಕೆಂಪರಾಜು ಆಗಲೇ ಕಣ್ಣು ಕಿರಿದು ಮಾಡಿ, “ನಿಮ್ದೇನಾದ್ರೂ ಅಲ್ವಲ್ಲ?” ಅಂತ ಕೇಳಿಯೂ ಆಗಿತ್ತು. ಸಮನ್ವಿತಾ ತನ್ನ ಫೋನ್ ಆಫ್ ಮಾಡಿ ಮೆಟ್ಟಿಲ ಮೇಲಿಟ್ಟಳು. ಟಿವಿ ಪ್ಲಗ್ ಕೀಳಿಸಿದಳು. ಮನೆಯಲ್ಲಿ ಉರಿಯುತ್ತಿದ್ದದ್ದು ಕೆಂಪರಾಜು ಕೈಯ ಫೋನೊಂದೇ, ಅದನ್ನೂ ಸಿಮ್ ನೆಟ್ಟಿಗೆ ಹಾಕಿಸಿದಳು.

ಗೆರೆ ಏರುತ್ತಲೇ ಇತ್ತು.

ಹಿಂದಿನ ದಿನಗಳದ್ದನ್ನೂ ಸರಿಸಿ ನೋಡಿದಳು. ಬ್ರೆಜಿಲ್ ಅಲ್ಲ. ಜಪಾನ್ ಅಲ್ಲ. ಯಾವ ದೇಶದ ಗೆರೆಗೂ ಹೊಂದಲಿಲ್ಲ. ಮತ್ತೊಮ್ಮೆ ಮೊದಲಿಂದ ಸರಿಸಿದಳು...

“ಇದಕ್ಕೆ ತಗ್ಗೇ ಇಲ್ಲ,” ಅಂದಳು.

“ಅಂದ್ರೆ?”

“ಇವರು ಮಲಗೇ ಇಲ್ಲ. ಹಗಲೂ ಇಲ್ಲ, ರಾತ್ರೀನೂ ಇಲ್ಲ.”

ಗೆರೆಯನ್ನು ದೊಡ್ಡದು ಮಾಡಿದಳು. ಒಂದು ಎಳೆತ, ಇನ್ನೊಂದು, ಮತ್ತೊಂದು. ತಡೆ. ಕೆಳಕ್ಕೆ. ಮತ್ತೆ ಎಳೆತ... ಓಣಿಯಿಂದ ಕಿರ್ರ್ ಅಂತು. ಗೆರೆ ಏರಿತು. ಕಿರ್ರ್. ಏರಿತು. ಕಿರ್ರ್... ಮೂವರೂ ಉಸಿರು ಹಿಡಿದರು. ಗುಳುಂ.

ಗೆರೆ ಇಳಿಯಿತು.

“ಮೋಟ್ರು...” ಅಂದರು ಕೆಂಪರಾಜು. ಅವರಿಗೇ ನಂಬಿಕೆ ಇರಲಿಲ್ಲ.

ಕತ್ತಲ ಒಳಮನೆಯಿಂದ ಮರಿಯಮ್ಮನ ದನಿ. “ರಾಟೆ ಸದ್ದು ಕಣೋ ಅದು. ಬಾವಿ ಪೈಪಿನ ಬಾಯಿ ಯಾರು ಮುಚ್ಚಿದ್ದು?”

ಮನೆ ಕಟ್ಟುವ ಮುಂಚೆ ಅಲ್ಲಿ ಸೇದುಬಾವಿ ಇತ್ತು. ಬಾವಿ ಮುಚ್ಚುವಾಗ ಒಂದು ಪೈಪ್ ಬಿಡಬೇಕು, ಅದು ಉಸಿರಾಡಲಿ ಅಂತ. ಈ ಕಡೆಯ ಹಳೇ ಮನೆಯವರು ಈಗಲೂ ಬಿಡುತ್ತಾರೆ. ಇವರ ತಾತನೂ ಬಿಟ್ಟಿದ್ದರು. ಫೈಬರ್ ಹಾಕಲು ಬಂದ ಸುಮೇಧ ಅನ್ನುವವನು ಅದನ್ನು ಕೇಬಲ್ ಪೈಪ್ ಅಂದುಕೊಂಡು, ಮನೆಗೆ ಬರುವ ಕೇಬಲ್ಲಿನ ಹೆಚ್ಚಾದ ಉದ್ದವನ್ನು ಸುರುಳಿ ಸುತ್ತಿ ಅದರೊಳಗೆ ಇಳಿಬಿಟ್ಟಿದ್ದ. ಬಾಯಿಗೆ ಎಂಸೀಲ್ ಮೆತ್ತಿಸಿದ್ದು ಮಾತ್ರ ಸ್ವತಃ ಕೆಂಪರಾಜು. ಸೊಳ್ಳೆ ಬರತ್ತೆ ಅಂತ.

ಅವರು ಏಳಲಿಲ್ಲ. ಎದ್ದದ್ದು ಶ್ವೇತ. ಒಳಗಿಂದ ಸ್ಕ್ರೂಡ್ರೈವರ್ ತಂದು ನೇರ ಓಣಿಗೆ ನಡೆದಳು. ಸಮನ್ವಿತಾ ಟಾರ್ಚ್ ಹಿಡಿದಳು. ಟಕ್... ಟಕ್... ಎಂಸೀಲ್ ಒಡೆಯಿತು.

ಪೈಪಿನಿಂದ ಗಾಳಿ ಬಂತು. ಒಳಕ್ಕೆ ಎಳೆದುಕೊಂಡದ್ದಲ್ಲ, ಹೊರಕ್ಕೆ. ಹಾ...... ಅಂತ ಉದ್ದಕ್ಕೆ, ಬಹಳ ಹೊತ್ತು ತಡೆದು ಹಿಡಿದವರು ಬಿಟ್ಟ ಹಾಗೆ. ಪಾಚಿಯ ವಾಸನೆ. ಶ್ವೇತ ಕೇಬಲ್ ಹಿಡಿದು ಎಳೆದಳು. ಕೈ ಮೇಲೆ ಕೈ. ಕೆಳಗಿಂದ ಯಾರೋ ಒಂದು ಸಲ ಗಟ್ಟಿಯಾಗಿ ಹಿಡಿದರು... ಬಿಟ್ಟರು.

“ಬಿತ್ತು,” ಅಂದರು ಮೆಟ್ಟಿಲಿನಿಂದ ಕೆಂಪರಾಜು. “ಗೆರೆ ಪೂರ್ತಿ ಬಿದ್ದೋಯ್ತು ಮೇಡಂ...”

ಬೀರು ತೆಗೆದು ಶ್ವೇತಳ ಫೋನ್ ತಂದುಕೊಟ್ಟರು. ಅವಳು ಒದ್ದೆ ಕೈಯಲ್ಲೇ ಇಸಿದುಕೊಂಡಳು.

“ಇನ್ನೊಂದು ಫೋನ್ ಸಿಕ್ತಾ?” ಅಂದಳು ಅಷ್ಟೆ. ಬೆಳಿಗ್ಗೆ ಅವಳಪ್ಪನನ್ನು ಕರೆಸಿದ್ದು ಅವಳೇ. ಹೋದಳು. ತಿಂಗಳ ಮೇಲೆ ಬಂದಳು, ತನಗೆ ಬೇಕಾದಾಗ.

ಸುಮೇಧ ಬಂದು ಕೇಬಲ್ ನೋಡಿದ. ತಾನು ಗುಂಡಗೆ ಸುತ್ತಿ, ಟೈ ಹಾಕಿ ಬಿಟ್ಟಿದ್ದೆ ಅಂತ ಆಣೆ ಮಾಡಿದ. ಈಗ ಅದರಲ್ಲೊಂದು ಜೀರುಗುಣಿಕೆ ಬಿದ್ದಿತ್ತು, ಬಾವಿಗೆ ಬಿಂದಿಗೆ ಇಳಿಸುವಾಗ ಹಗ್ಗಕ್ಕೆ ಹಾಕುವ ಗಂಟು. ಸರಿಯಾಗಿ ಬಿಂದಿಗೆಯ ಕುತ್ತಿಗೆಯಷ್ಟು ಅಗಲ. ಬಿಗಿದ ಗಂಟನ್ನು ತಿರುಗಿಸಿ ತಿರುಗಿಸಿ ನೋಡಿ, ಮೆಲ್ಲಗೆ ಕೇಳಿದನಂತೆ:

“ಫೈಬರ್ ಇಷ್ಟು ಬಗ್ಗಿದ್ರೆ ಒಳಗೆ ಬೆಳಕೇ ಹಾಯಲ್ಲ ಮೇಡಂ. ನಿಮ್ಗೆ ನೆಟ್ ಹೆಂಗೆ ಬರ್ತಿತ್ತು?”

ನಡೆದದ್ದು ಇದು. ಆ ಗಂಟನ್ನು ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ, ಸಮನ್ವಿತಾ ಕತ್ತರಿಸಿ ಇಟ್ಟುಕೊಂಡಿದ್ದಾಳೆ. ಇನ್ನೂ ಒಣಗಿಲ್ಲ. ನಗಬೇಡಿ... ನಿಮ್ಮ ಬೀದಿಯಲ್ಲಿ ಹೊಸದಾಗಿ ಕೇಬಲ್ ಎಳೆಸುತ್ತಿರುವವರು ಯಾರಾದರೂ ಇದ್ದರೆ, ಮಲಗುವ ಮುಂಚೆ ಅವರಿಗೆ ಇದನ್ನು ಹೇಳಿಬಿಡಿ.