ಜಲಪಾತದ ಬುಡದಲ್ಲಿ ಕೂತವಳು

ಅಲೆನ್ ಊರಿನಲ್ಲಿ ಸಂಜೆಯ ಮಳೆಗೆ ಸುಂಟರಗಾಳಿಯ ಎಚ್ಚರಿಕೆಯ ಸೈರನ್ ಕೂಡಿಕೊಂಡಾಗ, ಲೀಲಾವತಿ ಆಂಟಿಯ ಬೀಳ್ಕೊಡುಗೆ ಊಟಕ್ಕೆ ಅವರ ಮಗಳ ಮನೆಗೆ ಬಂದವರೆಲ್ಲ ಪಾಯಸದ ಬಟ್ಟಲು ಹಿಡಿದೇ ಮೆಟ್ಟಿಲ ಕೆಳಗಿನ ಕಿರುಕೋಣೆಗೆ ನುಗ್ಗಿದರು. ತುಂಬು ಬಸುರಿ ನಿಖಿತಾಗೆ ದಿಂಬು ಕೊಟ್ಟು ಕೂರಿಸಿದರು. ಮೈಸೂರಿನಲ್ಲಿರುವ ಅವಳ ಅಮ್ಮನಿಗೆ ಬೆಳಿಗ್ಗೆಯಷ್ಟೇ ವೀಸಾ ನಿರಾಕರಿಸಿದ್ದರು. ಆಂಟಿಯೂ ನಾಳೆ ಊರಿಗೆ ಹೊರಡುವವರು. ಇನ್ನು ಬಾಣಂತನ ಮಾಡುವವರು ಯಾರು? ಅವಳ ಬಟ್ಟಲ ಪಾಯಸ ಹಾಗೇ ಉಳಿದಿತ್ತು.

"ಅದಕ್ಕೇ ಮುಖ ಸಣ್ಣ ಮಾಡ್ಕೊಂಡಿದೀಯಾ?" ಅಂದರು ಆಂಟಿ. "ನಮ್ಮ ದಿಯಾ ಹುಟ್ಟಿದಾಗ್ಲೂ ಇದೇ ಪಾಡು. ಕೇಳು..."

ಆಂಟಿಯ ಮಗಳು ಶ್ರಾವಣಿ ನಕ್ಕಳು. ಅವಳ ಮಗಳು, ಆರು ವರ್ಷದ ದಿಯಾ, ಅಜ್ಜಿಯ ತೊಡೆ ಏರಿದಳು.

"ಹಾಲ್‌ನಲ್ಲಿ ಆ ಜಲಪಾತದ ಚಿತ್ರ ಇದ್ಯಲ್ಲ, ಈ ಶ್ರಾವಣಿ ಬಸುರೀಲಿ ಯಾರೋ ತೀರಿಕೊಂಡವರ ಮನೆ ಸಾಮಾನು ಮಾರೋ ಕಡೆ ಕೊಂಡಿದ್ದು. ಇನ್ನೂರು ವರ್ಷದ್ದಂತೆ, ರೊಮ್ಯಾಂಟಿಕ್ ಕಾಲದ್ದಂತೆ... ಬೆಟ್ಟ, ಮೋಡ, ನೀರು ಎಲ್ಲಾ ಮೈಮೇಲೆ ಬೀಳೋ ಹಾಗೆ, ಮನುಷ್ಯರು ಮಾತ್ರ ಇರುವೆಯಷ್ಟು. ನನಗೋ ವೀಸಾ ಬರ್ಲಿಲ್ಲ. ಮಗು ಹುಟ್ಟಿದ ಮೇಲೆ ವೀಡಿಯೋ ಕಾಲ್‌ನಲ್ಲಿ ನೋಡ್ತೀನಿ, ಬಚ್ಚಲಲ್ಲಿ ಬಿಳಿ ಟೊಪ್ಪಿ ಹಾಕಿದ ಹೆಂಗಸೊಬ್ಬಳು ನನಗೆ ಬೆನ್ನು ಮಾಡಿ ಕೂತು, ಕಾಲು ಚಾಚಿ, ಮಗೂನ ಕಾಲ ಮೇಲೆ ಮಲಗಿಸ್ಕೊಂಡು ನೀರು ಹೊಯ್ತಿದಾಳೆ. ಅಳಿಯಂದಿರು ಗೊತ್ತು ಮಾಡಿರ್ಬೇಕು ಅಂದ್ಕೊಂಡೆ. ಇವಳು, ಅಮ್ಮಾನೇ ಹ್ಯೂಸ್ಟನ್‌ನಲ್ಲಿರೋ ಯಾರಿಗೋ ಹೇಳಿ ಕಳಿಸಿದಾಳೆ ಅಂದ್ಕೊಂಡ್ಲು. ಅಳಿಯಂದಿರು, ತಾಯಿ ಮಗಳು ಸೇರಿ ಮಾಡಿದ ಏರ್ಪಾಟು, ನಂಗ್ಯಾಕೆ ಅಂತ ಸುಮ್ನಿದ್ರು.

"ನಾನು ಸುಮ್ನಿರ್ತೀನಾ? ಅಷ್ಟೆತ್ತರದಿಂದ ನೀರು ಬಿಡ್ಬೇಡಮ್ಮ, ನೆತ್ತಿ ಇನ್ನೂ ಮೆತ್ತಗಿದೆ ಅಂತ ಗದರಿದೆ. ತಿರುಗಿ ನೋಡ್ಲಿಲ್ಲ, ಕೈ ಮಾತ್ರ ತಗ್ಗಿಸಿದ್ಲು. ಮಗು ಅಳೋದೇ ಇಲ್ಲ. ನನಗೆ ಹೊಟ್ಟೆಕಿಚ್ಚು...

"ಕೊನೆಗೂ ವೀಸಾ ಬಂತು. ಆಯಮ್ಮನಿಗೂಂತ ಹಸಿರು ರವಿಕೆ ಕಣ ತಂದೆ. ಬಂದವಳೇ, ಎಲ್ಲೇ ಅವಳು ಅಂದೆ. 'ನೀನು ಕಳಿಸಿದವಳಾ? ನೆನ್ನೆ ಹೊರಟೋದ್ಲಲ್ಲಮ್ಮ' ಅಂತಾಳೆ ಇವಳು. ನಾನೆಲ್ಲಿ ಕಳಿಸಿದ್ದೆ..."

"ಆಮೇಲೆ?" ಅಂದ ನಿಖಿತಾಳ ಗಂಡ ಅವಿನಾಶ್. ಬಟ್ಟಲು ಅವನ ಕೈಯಲ್ಲೇ ವಾಲಿತ್ತು.

"ಪಾಯಸ ಚೆಲ್ಲೀತು, ನೋಡಪ್ಪ. ಆಮೇಲೇನು, ಹಾಲ್‌ಗೆ ಬಂದ್ರೆ ಚಿತ್ರದ ಕೆಳಗೆ ನೆಲ ಒದ್ದೆ. ತಲೆ ಎತ್ತಿದ್ರೆ, ಜಲಪಾತದ ಬುಡದಲ್ಲಿ ಒಂದು ಬಂಡೆ ಮೇಲೆ ಅದೇ ಬಿಳಿ ಟೊಪ್ಪಿಯವಳು ಕಾಲು ಚಾಚ್ಕೊಂಡು ಕೂತಿದಾಳೆ... ಹೆದರ್ಕೊಳ್ಬೇಕಾ? ಮಗಳ ಬಾಣಂತನ ಮಾಡಿದವಳಿಗೆ ಹೆದರೋದು ಹ್ಯಾಗೆ? ಅರಿಶಿನ ಕುಂಕುಮ, ಕಣ ಇಟ್ಟು ಕೈಮುಗಿದೆ. ಬೆಳಿಗ್ಗೆ ನೋಡಿದ್ರೆ ಕಣ ಇಲ್ಲ."

"ಗ್ರೀನ್ ಸ್ಕಾರ್ಫ್, ಅಜ್ಜಿ," ಅಂದಳು ದಿಯಾ.

"ಹೂಂ, ರವಿಕೆ ಹೊಲಿಸ್ಕೋ ಅಂತ ಕೊಟ್ರೆ ತಲೆಗೆ ಕಟ್ಕೊಂಡಿದಾಳೆ."

ನಿಖಿತಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತಲೇ ಪಾಯಸ ಖಾಲಿಯಾಯಿತು. ಸೈರನ್ ನಿಂತಿತು. ಹೊರಗೆ ಬಂದವಳು ನೇರ ಚಿತ್ರದ ಮುಂದೆ ಹೋಗಿ ನಿಂತಳು. ಬೆಟ್ಟವಿತ್ತು, ಮೋಡವಿತ್ತು, ನೊರೆನೊರೆ ನೀರಿತ್ತು.

"ಆಂಟಿ, ಬಂಡೆ ಮೇಲೆ ಯಾರೂ ಇಲ್ವಲ್ಲ."

"ಬೆಳಿಗ್ಗೆ ಫೋನ್ ಮಾಡಿ, ಅಮ್ಮನಿಗೆ ವೀಸಾ ಸಿಗ್ಲಿಲ್ಲ ಅಂತ ಅತ್ಯಲ್ಲಮ್ಮ... ಆಗಿನಿಂದ ಇಲ್ಲ," ಅಂದರು ಆಂಟಿ, ಅವಳ ನೆತ್ತಿ ಸವರುತ್ತ. "ನಿಮ್ಮನೇಲಿ ಮಗೂಗೆ ಹಚ್ಚೋಕೆ ಕೊಬ್ಬರಿ ಎಣ್ಣೆ ಇದೆ ತಾನೆ?"