ಮರದ ರೆಕ್ಕೆ

ಹೋಗ್ಬೇಡ! ಕಾರ್ ಕೀ ಒಳಗಿಡು ಅಕ್ಕ, ಪ್ಲೀಸ್... ನೋಡೋಕೆ ಬಾ ಅಂತ ಕರೆದು ಈಗ ವಿಮಾನ ಹತ್ತು ಅಂತಿದೀನಿ, ನಿಜ. ಆದ್ರೆ ವೈಶಾಲಕ್ಕ, ನಿನ್ನ ಸ್ವಂತ ತಮ್ಮ ಕಣೇ ನಾನು, ದಾರೀಲಿ ಹೋಗೋನಲ್ಲ! ಒಂದೇ ಒಂದು ಸುತ್ತು. ಮುಕಿಲ್ಟಿಯೊ ಫೆರ್ರಿ ದೋಣಿಗಳ ಮೇಲಿಂದ ಹಾರಿ, ನೀರಿನ ಮೇಲೆ ತಿರುಗಿಸಿ, ವಾಪಸ್ ಇದೇ ರನ್‌ವೇಗೆ. ಅಷ್ಟೇ!

ಹುಬ್ಬು ಯಾಕೆ ಹಾಗೆ ಏರಿಸ್ತೀಯಾ? ಹುಚ್ಚು ಅಂತಾನಾ? ಹೂಂ, ಹುಚ್ಚೇ. ಕೆಲಸ ಬಿಟ್ಟೆ. ಮೈತ್ರಿ ನನ್ನ ಬಿಟ್ಟು ಹೋದ್ಲು. "ಸುಮುಖ್, ಈ ವಿಮಾನಾನೋ, ನಾನೋ?" ಅಂತ ಕೇಳಿ, ಉತ್ತರಕ್ಕೂ ಕಾಯದೆ... ಸರಿ, ಕಾದ್ಲು. ನಾನೇ ಹೇಳ್ಲಿಲ್ಲ.

ಆದ್ರೆ ನೋಡೇ ಇದನ್ನ! ಎರಡು ಮಹಾಯುದ್ಧಗಳ ಮಧ್ಯ ಕಟ್ಟಿದ್ದು. ಮರದ ರೆಕ್ಕೆ, ಒಳಗೆ ಹತ್ತು ಜನಕ್ಕೆ ಬೆತ್ತದ ಕುರ್ಚಿ. ಪ್ರಯೋಗಕ್ಕೆ ಅಂತ ಮಾಡಿದ್ದು ಇದೊಂದೇ. ಒಬ್ಬ ಪ್ರಯಾಣಿಕನೂ ಹತ್ತೋ ಮುಂಚೆ ಕಂಪನಿ ಮುಚ್ಚಿ ಹೋಯ್ತು. ಯಾರೋ ರೈತ ಇದರೊಳಗೆ ಕೋಳಿ ಸಾಕಿದ್ದ ಅಕ್ಕ. ಕೋಳಿ! ಕಿಟಕಿ ಪರದೆ ಹೊಲಿದೋಳು ನೀನೇ ಅಲ್ವಾ, ನಿನ್ನ ಸಮಾಮಿಶ್ ಮನೇಲಿ, ಡೈನಿಂಗ್ ಟೇಬಲ್ ಮೇಲೆ ಹರಡ್ಕೊಂಡು?

ನಾಳೆ ಟ್ರಕ್ ಬರತ್ತೆ. ಮ್ಯೂಸಿಯಂನೋರು ರೆಕ್ಕೆ ಕಳಚಿ ತಗೊಂಡ್ಹೋಗ್ತಾರೆ. ಆಮೇಲೆ ಯಾವತ್ತೂ ಹಾರಲ್ಲ ಇದು. ಒಬ್ಬನೇ ಹೋಗೋ ಹಾಗಿದ್ರೆ ನಿನ್ನ ಕಾಲು ಹಿಡೀತಿದ್ನಾ? ಹಾರೋವಾಗ ಒಬ್ರು ಹಿಂದೆ ಕೂತು ಫ್ಯೂಯೆಲ್ ಪಂಪ್ ಕೈಯಲ್ಲೇ ಒತ್ತುತಾ ಇರ್ಬೇಕು. ಇದನ್ನ ರಿಪೇರಿ ಮಾಡೋಕೆ ನನ್ನ ಜೊತೆ ಇಷ್ಟು ವರ್ಷ ದುಡಿದ ಗುರುಪ್ರಸಾದ್ ಬರ್ತೀನಿ ಅಂದಿದ್ದ... ಬೆಳಿಗ್ಗೆ ಜ್ವರ ಅಂದ. ಜ್ವರ ಕಣೇ, ಇನ್ನೇನಿರತ್ತೆ?

ಎಲ್ಲಿಗೆ? ರೆಕ್ಕೆ ಕೆಳಗೇನಿದೆ? ಪೇಂಟ್ ಹಸಿ ಇದೆ, ಮುಟ್ಬೇಡ... ನಿನ್ನ ವಿಮಾನದ ಪ್ಲಾಂಟಲ್ಲಿ ದಿನಾ ರೆಕ್ಕೆ ಟೆಸ್ಟ್ ಮಾಡೋದು ಸಾಲ್ದಾ, ಇಲ್ಲೂ ಶುರು ಮಾಡ್ಬೇಕಾ? ಆ ಕಾಯಿನ್ ಒಳಗಿಡು. ರೆಕ್ಕೆ ತಟ್ಟಬೇಡ! ವಿಮಾನ ಚೆಕ್ ಮಾಡೋ ಇನ್‌ಸ್ಪೆಕ್ಟರ್ ಆಗ್ಲೇ ತಟ್ಟಿ ನೋಡಿ ಓಕೆ ಅಂದ್ರು. ಟಕ್ ಟಕ್ ಅಂತಿದೆ ತಾನೇ? ಗಟ್ಟಿ ಇದೆ. ಕೇಳಿಸ್ಕೊಂಡ್ಯಲ್ಲ, ಸಾಕು... ಅಲ್ಲಿ ಬೇಡ. ಆ ಕಡೆ ಬೇಡ ಅಂದ್ನಲ್ಲ!

...ಪೊಳ್ಳು ಅಂತ ಕೇಳಿಸ್ತಾ? ಹ್ಯಾಂಗರ್ ದೊಡ್ಡದಲ್ವಾ, ಹಾಗೇ ಕೇಳಿಸೋದು. ಮರ ಅಂದ್ಮೇಲೆ ಒಂದೊಂದು ಕಡೆ ಒಂದೊಂಥರ...

ಸಾಕು ಅಕ್ಕ. ಬೈಯಿ. ಅಮ್ಮನ ಹಾಗೆ ಕಪಾಳಕ್ಕೊಂದು ಬಿಡು. ಅದೇ ಜಾಗ ಮತ್ತೆ ಮತ್ತೆ ತಟ್ಟಬೇಡ...

ಓಕೆ ಅನ್ಲಿಲ್ಲ. ಇನ್‌ಸ್ಪೆಕ್ಟರ್ ಸಹಿ ಹಾಕ್ಲಿಲ್ಲ. ಒಳಗೆ ಅಂಟು ಬಿಟ್ಟಿದೆ, ಮೇಲೆ ಹೋದ್ರೆ ರೆಕ್ಕೆ ಕಿತ್ಕೊಂಡು ಬರತ್ತೆ ಅಂದ್ರು. ಗುರುಗೆ ಗೊತ್ತಾಯ್ತು, ಅದಕ್ಕೇ ಬರ್ಲಿಲ್ಲ. ಇದೊಂದು ಸಲ ತಡ್ಕೊಳ್ಳತ್ತೆ ಅನ್ಕೊಂಡೆ ಅಕ್ಕ... ಹೇಗೋ ತಡ್ಕೊಳ್ಳತ್ತೆ ಅಂತ...

ಇಲ್ಲ. ಹಾಗೂ ಅನ್ಕೊಳ್ಲಿಲ್ಲ. ತಡ್ಕೊಳ್ಳಲ್ಲ ಅಂತ ಗೊತ್ತಿತ್ತು. ಗೊತ್ತಿದ್ದೇ ಕರೆದೆ. ಬೇರೆ ಯಾರೂ ಬರ್ತಿರ್ಲಿಲ್ಲ... ನೀನಾದ್ರೆ ನನ್ನ ನಂಬಿ ಹತ್ತುತೀಯ ಅಂತ.